ಗುಡ್ಡ ಹತ್ತಿದ ಇಗರ್ಜಿ

ದೋಕಿಯಾಳ ಬಾಯಿಗೆ ಬೀಗ ಹಾಕುವವರು ಪ್ಲಾಯುವಿನಲ್ಲಿ ಯಾರೂ ಹುಟ್ಟಿರಲಿಲ್ಲ. ಗಂಡ ಬದುಕಿದ್ದಾಗ ಸ್ವಲ್ಪ ಪ್ರಯತ್ನಪಟ್ಟಿದ್ದ. ಅವನು ತೀರಿಕೊಂಡ ಮೇಲೆ ಆ ಕೆಲಸಕ್ಕೆ ಇನ್ಯಾರೂ ಕೈ ಹಾಕಲಿಲ್ಲ. ಹಾಗಾಗಿ ಆ ಚಳಿಗಾಲದ ಭಾನುವಾರ, ಕೆಳಗಿನ ಊರು ಲುಂಕಾದಲ್ಲಿ, ಹೊಸ ಕಲ್ಲಿನ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ಅವಳು ಆಡಿದ ಮಾತನ್ನು ತಡೆಯುವವರೂ ಇರಲಿಲ್ಲ.

ಹೋಗಿದ್ದು ಸಣ್ಣ ಕೆಲಸಕ್ಕೆ. ಮಗಳು ವರ್ವಾರಾ ಹೆತ್ತಿದ್ದಳು. ಹೆಣ್ಣು ಮಗು, ದಿನ ತುಂಬುವ ಮೊದಲೇ ಬಂದದ್ದು, ಬೆಕ್ಕಿನ ಮರಿಯಷ್ಟಿತ್ತು. ಅದರ ಜ್ಞಾನಸ್ನಾನಕ್ಕೆ ದಿನ ಗೊತ್ತು ಮಾಡಬೇಕಿತ್ತು. ಪ್ಲಾಯುವಿಗೆ ತನ್ನದೆಂಬ ಇಗರ್ಜಿ ಇರಲಿಲ್ಲ. ಮದುವೆಗೂ, ಮಣ್ಣಿಗೂ, ಮಕ್ಕಳನ್ನು ನೀರಿನಲ್ಲಿ ಮುಳುಗಿಸಿ ಹೆಸರಿಡುವುದಕ್ಕೂ ಗುಡ್ಡ ಇಳಿದು ಲುಂಕಾಕ್ಕೇ ಬರಬೇಕು. ಅಲ್ಲಿ ದಿನ ಕೊಡುವವನು ಊರ ಯಜಮಾನ ಜಹಾರಿಯಾ. ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ, ಪಾದ್ರಿಗಳಿಗಿಂತ ಎರಡು ಮೆಟ್ಟಿಲು ಮೇಲೆ ತಾನಿದ್ದೇನೆಂದು ಬಲವಾಗಿ ನಂಬಿದ್ದ ಮನುಷ್ಯ.

"ಮೊದಲು ನಮ್ಮೂರ ಮಕ್ಕಳದ್ದು ಮುಗೀಲಿ ದೋಕಿಯಾ. ಈಸ್ಟರಿನ ಹಿಂದಿನ ವಾರ, ಗರಿಗಳ ಭಾನುವಾರದ ಹೊತ್ತಿಗೆ ನಿಮ್ದನ್ನ ತಗೊಂಡು ಬಾ. ದಾರೀಲಿ ಹುಷಾರು, ಹಿಮ ಇರುತ್ತೆ," ಎಂದ ಜಹಾರಿಯಾ.

ಅವನು ಕೆಟ್ಟ ಮನಸ್ಸಿನಿಂದ ಹೇಳಿದನೋ ಇಲ್ಲವೋ, ಹಿಮ ಎಂಬ ಮಾತು ದೋಕಿಯಾಳ ಎದೆಗೆ ನಾಟಿತು. ಅವಳ ಚೊಚ್ಚಲ ಗಂಡುಮಗು ಇದೇ ದಾರಿಯಲ್ಲಿ, ಇಂಥದೇ ಹಿಮದಲ್ಲಿ, ಜ್ಞಾನಸ್ನಾನಕ್ಕೆ ಹೊತ್ತು ತರುವಾಗ ಅವಳ ಶಾಲಿನೊಳಗೇ ತಣ್ಣಗಾಗಿತ್ತು. ಸ್ನಾನವಾಗದ ಮಗು, ಹೆಸರಿಲ್ಲದ ಮಗು. ಲುಂಕಾದವರು ಅದನ್ನು ಸ್ಮಶಾನದ ಬೇಲಿಯ ಹೊರಗೆ ಹೂಳಿಸಿದ್ದರು. ವರ್ವಾರಾ ಹುಟ್ಟಿದ್ದು ಆಮೇಲೆ, ಪುಣ್ಯಕ್ಕೆ ಬೇಸಿಗೆಯಲ್ಲಿ.

ಎದುರಿಗೇ ಹಳೆಯ ಮರದ ಇಗರ್ಜಿ ನಿಂತಿತ್ತು. ಓಕ್ ದಿಮ್ಮಿಗಳ ಗೋಡೆ ಹೊಗೆ ಹಿಡಿದ ಪಾತ್ರೆಯಂತೆ ಕಪ್ಪಾಗಿತ್ತು. ಗೋಡೆಯ ನಡುವಿಗೆ ಸುತ್ತಲೂ ಹುರಿಗೊಳಿಸಿದ ಹಗ್ಗದ ಹಾಗೆ ಕೆತ್ತಿದ ಪಟ್ಟಿ, ಮೇಲೆ ಚಿಕ್ಕ ಹಲಗೆಗಳನ್ನು ಮೀನಿನ ಹುರುಪೆಯಂತೆ ಜೋಡಿಸಿದ ಕಡಿದಾದ ಮಾಡು. ಇಡೀ ಕಟ್ಟಡದಲ್ಲಿ ಒಂದು ಕಬ್ಬಿಣದ ಮೊಳೆ ಇರಲಿಲ್ಲ. ದಂಡೆತ್ತಿ ಬಂದ ಟಾಟಾರರು ಹಿಂದಿನದನ್ನು ಸುಟ್ಟ ಮೇಲೆ ತಮ್ಮ ಮುತ್ತಾತಂದಿರು ಒಂದೇ ಬೇಸಿಗೆಯಲ್ಲಿ ಕಟ್ಟಿದ್ದೆಂದು ಲುಂಕಾದವರು ಎದೆಯುಬ್ಬಿಸಿ ಹೇಳುತ್ತಿದ್ದರು. ಈಗ ಕಲ್ಲಿನದು ಎದ್ದಿತ್ತಲ್ಲ, ಆ ಎದೆ ಇತ್ತ ತಿರುಗಿತ್ತು.

"ಅದನ್ನೇನು ಮಾಡ್ತೀಯಾ?" ಎಂದು ಕೇಳಿದಳು ದೋಕಿಯಾ.

"ಹುಲ್ಲು ತುಂಬ್ತೀನಿ. ಗಟ್ಟಿ ಮರ, ಕೊಟ್ಟಿಗೆಗೆ ಹೇಳಿ ಮಾಡಿಸಿದ ಹಾಗಿದೆ."

"ಥೂ ನಿನ್ನ! ನಿಮ್ಮಪ್ಪನಿಗೆ ಅದರೊಳಗೇ ಕೊನೇ ಮಂತ್ರ ಹೇಳಿದ್ದು. ಹುಲ್ಲು ತುಂಬೋ ಬದಲು ನಮಗೆ ಕೊಡು."

"ಕೊಟ್ಟೆ. ಸೆರಗಿನಲ್ಲಿ ಕಟ್ಕೊಂಡು ಹೋಗ್ತೀಯಾ?" ಎಂದು ಜಹಾರಿಯಾ ನಕ್ಕ. ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು.

"ಕಟ್ಕೊಂಡಲ್ಲ, ನಡೆಸ್ಕೊಂಡು ಹೋಗ್ತೀನಿ! ಹೀಗೆ ನಿಂತಿರೋ ಹಾಗೇ ಗುಡ್ಡ ಹತ್ತಿಸ್ತೀನಿ. ನನ್ನ ಮೊಮ್ಮಗಳ ಸ್ನಾನ ಅದರೊಳಗೇ, ನಮ್ಮೂರಲ್ಲೇ. ನಿನ್ನ ಸರದಿ ನೀನೇ ಇಟ್ಕೋ."

"ನಿಂತ ಹಾಗೇ ತಗೊಂಡು ಹೋದ್ರೆ ನಿಂದು," ಎಂದ ಅವನು, ಸುತ್ತಲಿದ್ದವರನ್ನು ಸಾಕ್ಷಿಗೆ ನೋಡುತ್ತ. "ಗರಿಗಳ ಭಾನುವಾರದೊಳಗೆ ನಿಮ್ಮ ಗುಡ್ಡದ ಮೇಲೆ ಅದರಲ್ಲಿ ಪೂಜೆ ಆಗ್ಬೇಕು. ಆಗ್ಲಿಲ್ವೋ, ಎಲ್ಲಿ ನಿಂತಿರುತ್ತೋ ಅಲ್ಲೇ ಒಡೆದು ಕೊಟ್ಟಿಗೆಗೆ ತಗೊಂಡು ಬರ್ತೀನಿ."

ಗುಡ್ಡ ಹತ್ತುವಾಗ ದೋಕಿಯಾಳಿಗೆ ತಾನು ಏನಂದೆನೆಂಬುದು ಮೆಲ್ಲಗೆ ತಲೆಗೆ ಹತ್ತಿತು. ಮಧ್ಯದಲ್ಲೊಮ್ಮೆ ಕೂತು, ಕೆಳಗೆ ಕಾಣುವ ಆ ಕಪ್ಪು ಮಾಡನ್ನು ನೋಡಿ, "ಅಯ್ಯೋ ನನ್ನ ಹಾಳು ಬಾಯೇ," ಎಂದು ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಆಮೇಲೆ ಎದ್ದು ನೇರವಾಗಿ ಬಡಗಿ ಮಫ್ತೇಯಿಯ ಮನೆಗೆ ಹೋದಳು.

ಮಫ್ತೇಯಿ ನಿಧಾನದ ಮನುಷ್ಯ. ಊಟಕ್ಕೆ ಕರೆದರೂ ಮೊದಲು ಯೋಚಿಸುವವನು. "ಬಿಚ್ಚಿ, ದಿಮ್ಮಿಗಳಿಗೆ ಗುರುತು ಹಾಕಿ, ಮೇಲೆ ತಂದು ಮತ್ತೆ ಜೋಡಿಸಬಹುದಿತ್ತು. ನಿಂತ ಹಾಗೆ ಅಂತ ಯಾಕೆ ಅಂದ್ಯಕ್ಕಾ?" ಎಂದ.

"ಬಂತು ಬಾಯಿಗೆ, ಅಂದೆ. ನೀನೀಗ ಆಗುತ್ತೋ ಇಲ್ವೋ ಹೇಳು."

ಅವನು ಬಹಳ ಹೊತ್ತು ಗಡ್ಡ ಕೆರೆದುಕೊಂಡ. "ಬಿಚ್ಚೋದೂ ಕಷ್ಟವೇ ಅನ್ನು. ಮರದ ಬೆಣೆಗಳು ಉಬ್ಬಿ ಗೋಡೆ ಜೊತೆ ಒಂದಾಗಿಬಿಟ್ಟಿವೆ. ತೆಗೆಯೋಕೆ ಹೋದ್ರೆ ಮೂಲೆಗಳೇ ಸೀಳುತ್ತವೆ. ಹಿಮ ಇರೋವರೆಗೂ ಜಾರುಬಂಡಿ ಮೇಲೆ ಎಳೀಬಹುದು. ಹಿಮ ಕರಗಿತೋ, ಕೈ ತೊಳ್ಕೊಂಡಂಗೆ."

ಮಾರನೆಯ ದಿನದಿಂದ ಪ್ಲಾಯುವಿನಲ್ಲಿ ಯಾರೂ ಸುಮ್ಮನೆ ಕೂರಲಿಲ್ಲ. ಗಂಡಸರು ಎರಡು ಉದ್ದದ ಬೀಚ್ ಮರ ಕಡಿದು, ಮೂತಿ ಮೇಲಕ್ಕೆ ಬಾಗಿರುವಂತೆ ಕೆತ್ತಿ ಜಾರುಪಟ್ಟಿ ಮಾಡಿದರು. ಹೆಂಗಸರು ಬಟ್ಟೆ ನೇಯಲೆಂದು ಇಟ್ಟಿದ್ದ ಸೆಣಬನ್ನೆಲ್ಲ ಹೊರಗೆ ಹಾಕಿ ತೋಳಿನಷ್ಟು ದಪ್ಪದ ಹಗ್ಗ ಹೊಸೆದರು. ಗುಡ್ಡದ ನೆತ್ತಿಯಲ್ಲಿ ಹಿಮ ಕೆರೆದು ಅಡಿಪಾಯದ ಕಲ್ಲುಗಳನ್ನು ಕೂರಿಸಿದರು. ಈಸ್ಟರಿಗೆ ಮುಂಚಿನ ಉಪವಾಸದ ಕಾಲ ಬೇರೆ. ಹಾಲಿಲ್ಲ, ಮಾಂಸವಿಲ್ಲ, ಬರೀ ಬೀನ್ಸ್ ಕಾಳು, ಹುಳಿ ಹಿಡಿಸಿದ ಕೋಸು, ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಮಾಮಾಲಿಗಾ. ಅದನ್ನೇ ತಿಂದು ಎತ್ತಿನ ಕೆಲಸ ಮಾಡಿದರು. ಲುಂಕಾದ ಮುದಿ ಪಾದ್ರಿ ಒನಿಸಿಮ್ ಕೂಡ ಇವರ ಕಡೆಗೇ ಬಂದುಬಿಟ್ಟರು. ಕಲ್ಲಿನ ಇಗರ್ಜಿಗೆ ಕಿರಿಯ ಪಾದ್ರಿ ಬಂದಿದ್ದ. "ನನ್ನ ಇಗರ್ಜಿ ಎಲ್ಲಿಗೆ ಹೋಗುತ್ತೋ ನಾನೂ ಅಲ್ಲಿಗೇ. ನನ್ನನ್ನೂ ಹುಲ್ಲು ತುಂಬೋಕೆ ಬಿಡ್ತೀರಾ?" ಎಂದರು.

ಅವರು ಮಗುವನ್ನು ಮನೆಯಲ್ಲೇ ಮುಳುಗಿಸಿಕೊಡುತ್ತೇನೆಂದೂ ಹೇಳಿ ನೋಡಿದರು. "ಸಾಯೋ ಮಕ್ಕಳಿಗೆ ಹಾಗೆ ಮಾಡೋ ಪದ್ಧತಿ ಉಂಟು ಮಗಳೇ."

"ನನ್ನ ಮೊಮ್ಮಗಳು ಸಾಯೋದಿಲ್ಲ ಸ್ವಾಮಿ," ಎಂದಳು ದೋಕಿಯಾ. ಅಷ್ಟೇ. ಆದರೆ ವರ್ವಾರಾ ತಾಯಿಯ ಜೊತೆ ಮಾತು ಬಿಟ್ಟಳು. ಮಗು ಹಾಲು ಕುಡಿಯಲೂ ಸುಸ್ತಾಗಿ ಮಲಗಿಬಿಡುತ್ತಿತ್ತು.

ಕೆಳಗೆ ಹೋಗಿ, ಸಂತರ ಮೂರ್ತಿಪಟಗಳನ್ನೂ ಗಂಟೆಯನ್ನೂ ಇಳಿಸಿ, ಸನ್ನೆಗೋಲು ಹಾಕಿ ಇಗರ್ಜಿಯನ್ನು ನೆಲದಿಂದ ಎತ್ತಿದ ದಿನ ಮಫ್ತೇಯಿ ತಳದ ದಿಮ್ಮಿಗಳ ಕೆಳಗೆ ತೂರಿ, ಅಲ್ಲಿಂದಲೇ ಕೂಗಿದ. ದಿಮ್ಮಿಗಳ ತುದಿಯಲ್ಲಿ ಮುಷ್ಟಿ ಹೋಗುವಂಥ ತೂತುಗಳಿದ್ದವು. ಒಳಗಂಚು ಸವೆದು ನುಣ್ಣಗಾಗಿತ್ತು.

"ಹಗ್ಗದ ತೂತು ಕಣ್ರೋ! ಇದನ್ನ ಹಿಂದೆ ಯಾರೋ ಎಳ್ಕೊಂಡು ಬಂದವ್ರೆ!"

ದೋಕಿಯಾ ಕೆಸರಿನಲ್ಲಿ ಅಂಗಾತ ಮಲಗಿ ತಾನೂ ನೋಡಿದಳು. ಎದ್ದವಳೇ, ಬೇಲಿಗೆ ಒರಗಿ ನೋಡುತ್ತಿದ್ದ ಜಹಾರಿಯಾನ ಕಡೆ ತಿರುಗಿದಳು. "ನಿಮ್ಮ ಮುತ್ತಾತ ಕಟ್ಟಿದ್ದಾ ಇದನ್ನ? ಯಾವೂರಿಂದ ಎಳ್ಕೊಂಡು ಬಂದ್ನೋ ವಿಚಾರಿಸು ಹೋಗು. ನೀವೂ ನಮ್ಮಂಗೇ ಬೇಡಿ ತಂದೋರು!"

ಜಹಾರಿಯಾನ ಮೀಸೆ ಕುಣಿಯಿತು. ಪ್ಲಾಯುವಿನವರಿಗೆ ಅವತ್ತು ಕೋಸು ಕೂಡ ಹಬ್ಬದೂಟದಂತೆ ರುಚಿಸಿತು. ಯಾರ ಎತ್ತುಗಳೋ, ಯಾವ ಕಾಲದಲ್ಲೋ, ಈ ಭಾರವನ್ನು ಎಳೆದು ತಂದಿದ್ದವು; ಆಗಿದ್ದು ಮತ್ತೆ ಆಗದೆ ಏನು ಎಂಬ ಧೈರ್ಯ ಬಂತು.

ಎತ್ತುಗಳನ್ನು ಬಾಗಿಲ ಕಡೆಗೆ ಕಟ್ಟಬೇಕೆಂದು ಮಫ್ತೇಯಿ ಹಗ್ಗ ಹಿಡಿದು ಹೊರಟ. ಪ್ಲಾಯು ಇದ್ದದ್ದು ಪಶ್ಚಿಮಕ್ಕೆ, ಇಗರ್ಜಿಯ ಬಾಗಿಲೂ ಪಶ್ಚಿಮಕ್ಕೆ. ಆದರೆ ಒನಿಸಿಮ್ ಎರಡೂ ಕೈ ಚಾಚಿ ಅಡ್ಡ ನಿಂತರು.

"ಗರ್ಭಗುಡಿಯನ್ನ ಹಿಂದಕ್ಕಿಟ್ಟು, ಹಸುವನ್ನ ಬಾಲ ಹಿಡಿದು ಎಳೆದ ಹಾಗೆ ಎಳೀತೀರಾ? ಬಲಿಪೀಠ ಮುಂದೆ ಹೋಗ್ಬೇಕು, ಜನ ಹಿಂದೆ. ಮೆರವಣಿಗೆ ಅಂದ್ರೆ ಹಾಗೆ."

ಯಾರೂ ಇಲ್ಲವೆನ್ನಲಿಲ್ಲ. ಎಲ್ಲರಿಗಿಂತ ಜೋರಾಗಿ "ಸರಿ" ಎಂದವಳು ದೋಕಿಯಾ. "ದೇವರು ನಮ್ಮೂರಿಗೆ ಬೆನ್ನು ಹಾಕ್ಕೊಂಡು ಬರೋದಾ? ಮುಖ ಮುಂದಾಗಿ ಬರ್ಲಿ!" ನದಿಯ ಪಕ್ಕದ ಅಗಲ ಬಯಲಿನಲ್ಲಿ ಇಗರ್ಜಿಯನ್ನು ದೊಡ್ಡ ಸುತ್ತು ಹಾಕಿಸಿ, ಗರ್ಭಗುಡಿ ಪ್ಲಾಯುವಿನ ಕಡೆಗಾಗುವಂತೆ ಮಾಡುವುದಕ್ಕೇ ಒಂದು ಹಗಲು ಹಿಡಿಯಿತು. ಜಹಾರಿಯಾ ಬೇಲಿಯ ಮೇಲೆ ಕೂತು ಸೂರ್ಯಕಾಂತಿ ಬೀಜ ಅಗಿಯುತ್ತ ನೋಡಿದ. ಅಷ್ಟು ಸಂತೋಷವಾಗಿ ಅವನು ಯಾಕೆ ಕೂತಿದ್ದಾನೆಂದು ಆಗ ಯಾರೂ ಯೋಚಿಸಲಿಲ್ಲ.

ಆಮೇಲೆ ಶುರುವಾಯಿತು ನೋಡಿ ಗುಡ್ಡ. ಊರಿನ ಎತ್ತುಗಳೆಲ್ಲ ಎರಡು ಸಾಲಾಗಿ, ಮೂಗಿನಿಂದ ಹಬೆ ಬಿಡುತ್ತ ಎಳೆದವು. ಇಗರ್ಜಿ ಕಿರುಗುಟ್ಟಿತು, ನರಳಿತು, ಒಮ್ಮೊಮ್ಮೆ ಒಳಗಿನಿಂದ ಯಾರೋ ಕೆಮ್ಮಿದಂತೆ ಸದ್ದು ಮಾಡಿತು. ಆದರೆ ಒಂದು ಮೂಲೆಯೂ ಬಿಚ್ಚಲಿಲ್ಲ. ಮೂಲೆಯಲ್ಲಿ ಒಂದು ದಿಮ್ಮಿಯ ತುದಿ ಇನ್ನೊಂದನ್ನು ಕಚ್ಚಿ ಹಿಡಿಯುವಂತೆ ಕಟ್ಟಿದ್ದ ಆ ಹೆಸರಿಲ್ಲದ ಬಡಗಿಗಳನ್ನು ಮಫ್ತೇಯಿ ದಾರಿಯುದ್ದಕ್ಕೂ ಹೊಗಳಿದ. ಕಡಿದಾದ ತಿರುವಿನಲ್ಲಿ ಒಂದು ಹಗ್ಗ ಹರಿದು ಇಗರ್ಜಿ ಹಿಂದಕ್ಕೆ ಜಾರಿದಾಗ, ಹಿಂದೆ ಮೂರ್ತಿಪಟ ಹೊತ್ತು ಬರುತ್ತಿದ್ದ ಹೆಂಗಸರು ಪಟಗಳನ್ನು ಹಿಮದಲ್ಲಿ ನೆಟ್ಟು, ದಾರಿಬದಿಯ ಪೈನ್ ಕೊಂಬೆಗಳನ್ನು ಜಾರುಪಟ್ಟಿಯ ಕೆಳಗೆ ತುರುಕಿ ನಿಲ್ಲಿಸಿದರು. ದೋಕಿಯಾ ತನ್ನ ಹೊಸ ಕುರಿತುಪ್ಪಟದ ಕೋಟನ್ನೂ ತುರುಕಿದಳು. ಅದು ಮತ್ತೆ ಕೋಟಾಗಲಿಲ್ಲ.

ವಾರ ಕಳೆಯುವುದರೊಳಗೆ, ಒಂದು ಸಂಜೆ, ಇಗರ್ಜಿ ನೆತ್ತಿ ಹತ್ತಿ ಅಡಿಪಾಯದ ಪಕ್ಕಕ್ಕೆ ಬಂದು ನಿಂತಿತು. ಜನ ಅತ್ತರು, ಟೋಪಿ ಎಸೆದರು, ಎತ್ತುಗಳ ಕೊರಳು ತಬ್ಬಿದರು. ಉಪವಾಸಕ್ಕೆ ಪ್ಲಮ್ ಹಣ್ಣಿನ ಸಾರಾಯಿ ಅಡ್ಡಿಯಲ್ಲವೆಂದು ಒನಿಸಿಮ್ ತಾವೇ ಅಪ್ಪಣೆ ಕೊಟ್ಟು ಮೊದಲ ಲೋಟ ಹಿಡಿದರು. ದೋಕಿಯಾ ಬಾಗಿಲ ಕಂಬಕ್ಕೆ ಕೆನ್ನೆ ಒತ್ತಿ ನಿಂತಳು. ಗೆದ್ದೆ ಎಂದುಕೊಂಡಳು.

ಬೆಳಿಗ್ಗೆ ಊರೆಲ್ಲ ಕಣ್ತುಂಬ ನೋಡಲು ಬಂತು. ಲುಂಕಾ ಕಣಿವೆಯ ಕಡೆಯಿಂದ ಸೂರ್ಯ ಎದ್ದ. ಬಿಸಿಲು ನೇರ ಬಂದು ಬಾಗಿಲಿನೊಳಗೆ ನುಗ್ಗಿತು.

ಬಾಗಿಲಿನೊಳಗೆ! ಗರ್ಭಗುಡಿಯ ಪುಟ್ಟ ಕಿಟಕಿ ಇದ್ದದ್ದು ಅತ್ತ, ಪಶ್ಚಿಮದ ಕಾಡಿನ ಕತ್ತಲಿಗೆ. ಪ್ರಪಂಚದಲ್ಲಿರುವ ಇಗರ್ಜಿಯೆಲ್ಲ ಪೂರ್ವಕ್ಕೆ ಗರ್ಭಗುಡಿ, ಪಶ್ಚಿಮಕ್ಕೆ ಬಾಗಿಲು ಮಾಡಿ ನಿಂತಿದ್ದರೆ ಪ್ಲಾಯುವಿನದು ಪೂರ್ವಕ್ಕೆ ಬೆನ್ನು ಕೊಟ್ಟು ನಿಂತಿತ್ತು. ಸುಮ್ಮನೆ ಬಾಗಿಲ ಕಡೆಯಿಂದ ಎಳೆದಿದ್ದರೆ ತಾನಾಗಿಯೇ ಸರಿಯಾಗಿ ಬಂದು ಕೂರುತ್ತಿತ್ತು. ಒಂದು ಹಗಲೆಲ್ಲ ಬೆವರು ಸುರಿಸಿ, ಭಕ್ತಿಯಿಂದ, ಅವರೇ ಅದನ್ನು ತಿರುಗುಮುರುಗು ಮಾಡಿಕೊಂಡಿದ್ದರು. ಒನಿಸಿಮ್ ಹಿಮದ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡರು.

ಬೆಳಗಾಗುವ ಮುಂಚೆಯೇ ಲುಂಕಾದಿಂದ ಹತ್ತಿ ಬಂದಿದ್ದ ಜಹಾರಿಯಾ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯಪ್ಪಾ! ಸೂರ್ಯನಿಗೆ ಬಾಗಿಲು ತೆಗೆದು ದೇವರನ್ನ ಕತ್ತಲೇಲಿ ಕೂರಿಸಿದ್ದೀರಲ್ರೋ!"

"ನಿನಗೆ ಮೊದಲೇ ಗೊತ್ತಿತ್ತಾ?" ಎಂದಳು ದೋಕಿಯಾ.

"ಬಯಲಲ್ಲಿ ಸುತ್ತು ಹಾಕಿಸ್ತಿದ್ರಲ್ಲ, ಆವತ್ತೇ. ಮೆರವಣಿಗೆ ಕೆಡಿಸಬಾರದು ಅಂತ ಸುಮ್ಮನಿದ್ದೆ ಕಣಮ್ಮ. ಭಾನುವಾರಕ್ಕೆ ಕೊಡಲಿ ತಗೊಂಡು ಬರ್ತೀನಿ."

ಯಾರೋ ಬಾಗಿಲನ್ನು ಆ ಕಡೆಗೆ ಕೊರೆದರೆ ಹೇಗೆ ಎಂದರು. ಮಫ್ತೇಯಿ ಅವನನ್ನು ಹೊಡೆಯಲು ಹೋದ. ಗರ್ಭಗುಡಿಯ ಗೋಡೆ ಐದು ಮುಖವಾಗಿ ಬಾಗಿದ್ದು, ಅದರ ದಿಮ್ಮಿ ಕೊರೆದರೆ ಮಾಡೇ ಕುಸಿಯುತ್ತದೆ. ಬಾಗಿಲ ಮೇಲೆ ಗಂಟೆಯ ಗೋಪುರ ಬೇರೆ. ಎತ್ತು ಕಟ್ಟಿ ತಿರುಗಿಸಲು ನೆತ್ತಿ ಇಕ್ಕಟ್ಟು. ಎರಡು ಪಕ್ಕವೂ ಇಳಿಜಾರು. ಎತ್ತುಗಳು ಎಳೆಯಲು ನಾಲ್ಕು ಹೆಜ್ಜೆ ಹಾಕುವ ಜಾಗವಿಲ್ಲ. ಮಾಡಿನಿಂದ ಆಗಲೇ ನೀರು ತೊಟ್ಟಿಕ್ಕುತ್ತಿತ್ತು. ಹಿಮದ ದಿನ ಮುಗಿಯುತ್ತ ಬಂದಿತ್ತು.

ದೋಕಿಯಾ ಮನೆಗೆ ಬಂದಾಗ ವರ್ವಾರಾ ಮಗುವನ್ನು ಶಾಲಿನಲ್ಲಿ ಸುತ್ತುತ್ತಿದ್ದಳು.

"ಎಲ್ಲಿಗೆ?"

"ಲುಂಕಾಕ್ಕೆ. ಅವರ ಸರದಿ ಮುಗಿಯೋವರೆಗೂ ಅವರ ಬಾಗಿಲಲ್ಲೇ ಕೂತಿರ್ತೀನಿ. ಇವಳಿಗೆ ಮೈ ಸುಡ್ತಾ ಇದೆ ಅಮ್ಮಾ. ನಿನ್ನ ಹಟ ನಿನಗೆ ದೊಡ್ಡದು."

"ಹಟ ಅಲ್ವೇ ಇದು..." ದೋಕಿಯಾಳ ದನಿ ಒಡೆಯಿತು. ಮಗಳ ಎದುರು ಅವಳು ಅತ್ತದ್ದು ಅದೇ ಮೊದಲು. "ಆ ದಾರೀಲಿ ನಿನ್ನಣ್ಣ ನನ್ನ ಎದೆ ಮೇಲೇ ತಣ್ಣಗಾದ. ಕೆಳಗೆ ಹೋಗೋವರೆಗೂ ನನಗೆ ಗೊತ್ತೇ ಆಗ್ಲಿಲ್ಲ, ಹಾಡು ಹೇಳ್ತಾನೇ ಇದ್ದೆ. ನಿನಗದು ಬೇಡ. ನಾಳೆ ಒಂದು ದಿನ ತಡಿ. ಆಗದಿದ್ರೆ ನಾನೇ ನಿನ್ನ ಕರ್ಕೊಂಡು ಇಳೀತೀನಿ, ಜಹಾರಿಯಾನ ಕಾಲು ಹಿಡೀತೀನಿ."

ವರ್ವಾರಾ ಶಾಲು ಬಿಚ್ಚಿದಳು.

ಕಣ್ಣೊರೆಸಿಕೊಳ್ಳುತ್ತ ಹೊರಗೆ ಬಂದ ದೋಕಿಯಾ ಹಿತ್ತಲ ಬಾಗಿಲಲ್ಲಿ ಕಾಲು ಜಾರಿ ಧೊಪ್ಪನೆ ಬಿದ್ದಳು. ಮಗುವಿನ ಬಟ್ಟೆ ಒಗೆದ ನೀರನ್ನು ದಿನಾ ಚೆಲ್ಲುತ್ತಿದ್ದ ಜಾಗ. ನೆರಳಿನಲ್ಲಿ ಗಾಜಿನಂತೆ ಹೆಪ್ಪುಗಟ್ಟಿತ್ತು. ಬಿದ್ದಲ್ಲಿಂದಲೇ ಮಂಜುಗಡ್ಡೆಗೆ ನಾಲ್ಕು ಬೈಗುಳ ಬೈದಳು. ಐದನೆಯದು ಬಾಯಲ್ಲೇ ನಿಂತಿತು. ಅಂಗಾತ ಮಲಗಿದ್ದವಳು ಹಿಮ್ಮಡಿಯಿಂದ ಗೋಡೆಯನ್ನು ಮೆಲ್ಲಗೆ ಒತ್ತಿದಳು. ಅವಳ ಇಡೀ ಮೈ, ಅದೇನು ಸಣ್ಣ ಮೈಯಲ್ಲ, ಸುಯ್ಯನೆ ಅರ್ಧ ಸುತ್ತು ತಿರುಗಿತು. ವರ್ವಾರಾ ಸದ್ದು ಕೇಳಿ ಓಡಿಬಂದಾಗ ತಾಯಿ ನೆಲದ ಮೇಲೆ ಬಿದ್ದುಕೊಂಡು ಒಬ್ಬಳೇ ನಗುತ್ತಿದ್ದಳು.

"ನೀರು!" ಎಂದು ಕಿರುಚುತ್ತ ದೋಕಿಯಾ ಊರೊಳಗೆ ಓಡಿದಳು. "ಎಲ್ಲರೂ ನೀರು ತನ್ನಿ! ನೆತ್ತಿಗೆ ನೀರು ಹೊಯ್ಯೋಣ! ರಾತ್ರಿ ಹೆಪ್ಪುಗಟ್ಟುತ್ತೆ, ಬೆಳಿಗ್ಗೆ ತಳ್ಳಿ ತಿರುಗಿಸೋಣ!"

ಮಫ್ತೇಯಿ ಯಥಾಪ್ರಕಾರ ಯೋಚಿಸಿದ. "ತಿರುಗುತ್ತಕ್ಕಾ. ತಿರುಗಿ ಹಾಗೇ ಜಾರ್ಕೊಂಡು ಲುಂಕಾಕ್ಕೆ ವಾಪಸ್ ಹೋಗ್ಬಿಟ್ರೆ?"

"ಅದಕ್ಕೇ ನೀನಿರೋದು! ನಾಲ್ಕು ಮೂಲೆಗೂ ಹಗ್ಗ ಕಟ್ಟಿ ಬೀಚ್ ಮರಗಳಿಗೆ ಬಿಗಿ. ಮೇಯೋಕೆ ಕಟ್ಟಿದ ಹಸು ಗೂಟ ಬಿಟ್ಟು ಹೋಗುತ್ತಾ?"

ಆ ದಿನವೆಲ್ಲ ಊರಿನ ಹೆಂಗಸರು ಬುಗ್ಗೆಯಿಂದ ನೆತ್ತಿಗೆ ಸಾಲು ಹಚ್ಚಿದರು. ಕೊಡ, ಹಾಲಿನ ಬಕೆಟ್ಟು, ಕೋಸಿನ ಪೀಪಾಯಿ, ಮಾಮಾಲಿಗಾ ಬೇಯಿಸುವ ಕಡಾಯಿ, ಸಿಕ್ಕಿದ್ದರಲ್ಲೆಲ್ಲ ನೀರು ತಂದು ಇಗರ್ಜಿಯ ಸುತ್ತ ಸುರಿದರು. ಗಂಡಸರು ಸಲಿಕೆಯ ಬೆನ್ನಿನಿಂದ ಹಿಮವನ್ನು ಬಡಿದು ಸಮ ಮಾಡಿದರು. ಹಗಲು ಕರಗಿಸುತ್ತಿದ್ದ ಆಕಾಶ ಸಂಜೆಯಾಗುತ್ತಲೇ ನಿಚ್ಚಳವಾಯಿತು. ಮೂಗು ಉದುರುವಂಥ ಚಳಿ ಬಿತ್ತು. ಆ ಚಳಿಯನ್ನು ಬೈಯದೆ ಹೊಗಳಿದವರು ಲೋಕದಲ್ಲಿ ಪ್ಲಾಯುವಿನವರೊಬ್ಬರೇ ಇರಬೇಕು.

ಬೆಳಗಿನ ಜಾವಕ್ಕೆ ನೆತ್ತಿ ಕನ್ನಡಿಯಾಗಿತ್ತು. ಜಾರದಿರಲೆಂದು ಎಲ್ಲರೂ ಚರ್ಮದ ಜೋಡಿನ ಮೇಲೆ ಉಣ್ಣೆಯ ಕಾಲುಚೀಲ ಎಳೆದುಕೊಂಡರು. ಅರ್ಧ ಜನ ಗರ್ಭಗುಡಿಯ ಬಲ ಮೂಲೆಗೆ, ಇನ್ನರ್ಧ ಬಾಗಿಲ ಎಡ ಮೂಲೆಗೆ ಭುಜ ಕೊಟ್ಟರು. ಗಂಡಸರ ಜೊತೆ ಹೆಂಗಸರು, ಹೆಂಗಸರ ಜೊತೆ ಮುದುಕಿಯರು. ಒನಿಸಿಮ್ ಶಿಲುಬೆಯೆತ್ತಿ ನಿಂತಿದ್ದವರು ಅದನ್ನು ಸೊಂಟಕ್ಕೆ ಸಿಕ್ಕಿಸಿ ತಾವೂ ಬಂದು ಸೇರಿದರು. "ಕೆಡಿಸಿದವನು ನಾನೇ. ತಳ್ಳೋಕಾದ್ರೂ ಬಿಡಿ," ಎಂದರು.

"ಹೋಯ್!" ಎಂದ ಮಫ್ತೇಯಿ. ಜಾರುಪಟ್ಟಿ ಚಟ್ಟೆಂದು ನೆಲ ಬಿಟ್ಟಿತು. ಇಗರ್ಜಿ ಮೆಲ್ಲಗೆ ಅಲುಗಿತು, ಕಿರುಗುಟ್ಟಿತು, ತಿರುಗತೊಡಗಿತು. ಗೋಪುರದ ತುದಿ ಆಕಾಶದಲ್ಲಿ ಸರಿಯುವುದನ್ನು ಕಂಡು ಒಬ್ಬ ಮುದುಕಿ ಕೈಮುಗಿದು ಹೋ ಎಂದು ಅಳಲು ಶುರುಮಾಡಿದಳು. "ಅಳೋದು ಆಮೇಲೆ, ತಳ್ಳೇ!" ಎಂದಳು ದೋಕಿಯಾ.

ಅರ್ಧ ತಿರುಗಿ ನಿಂತುಬಿಟ್ಟಿತು. ಗರ್ಭಗುಡಿ ಉತ್ತರಕ್ಕೆ, ಬಾಗಿಲು ದಕ್ಷಿಣಕ್ಕೆ. ಹಿಂದಿನದಕ್ಕಿಂತಲೂ ಕಡೆಯಾದ ಸ್ಥಿತಿ. ಮತ್ತೆ ತಳ್ಳಿದರು, ಮತ್ತೂ ತಳ್ಳಿದರು. ಕದಲಲಿಲ್ಲ. ಭುಜಗಳು ಸಾಲದು. ಅಷ್ಟರಲ್ಲಿ ಬಿಸಿಲು ಬಂತು. ಮಂಜುಗಡ್ಡೆಯ ಮೇಲೆ ತೆಳುವಾಗಿ ನೀರು ಹೊಳೆಯತೊಡಗಿತು. ಇನ್ನು ಸ್ವಲ್ಪ ಹೊತ್ತಿಗೆ ಜಾರುಪಟ್ಟಿ ಕೆಸರಿನಲ್ಲಿ ಹೂತುಹೋಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

ಲುಂಕಾದವರು ತಮಾಷೆ ನೋಡಲು ಹತ್ತಿ ಬಂದಿದ್ದರು. ನೆತ್ತಿಯ ಅಂಚಿನ ಬೇಲಿಯ ಆಚೆ ದೊಡ್ಡ ಗುಂಪು, ಮುಂದೆ ಜಹಾರಿಯಾ, ಪಕ್ಕದಲ್ಲಿ ಅವನ ಹೆಂಡತಿ ಸಾಫ್ತಾ. ಬೇಡಿಕೊಳ್ಳಬೇಕೆಂದು ದೋಕಿಯಾ ಬಾಯಿ ತೆರೆದಳು. ಅವಳ ಬಾಯಿಗೆ ಬೇಡುವುದು ಬರುತ್ತಿರಲಿಲ್ಲ.

"ಏನ್ರೇ, ಹಾಗೇ ನಿಂತಿದ್ದೀರಿ ಮದುವೆಗೆ ಬಂದ ನೆಂಟರ ಹಾಗೆ! ಇದರೊಳಗೇ ನಿಮ್ಮನ್ನ ಮುಳುಗಿಸಿ ಹೆಸರಿಟ್ಟಿದ್ದು, ಇದರೊಳಗೇ ನಿಮ್ಮ ತಲೆ ಮೇಲೆ ಮದುವೆ ಕಿರೀಟ ಇಟ್ಟಿದ್ದು. ಈಗ ಅದು ಅಡ್ಡ ಬಿದ್ದಿದೆ, ನೀವು ಬೀಜ ಅಗೀತಾ ಇದ್ದೀರಿ. ಅಷ್ಟೂ ನಾಚಿಕೆ ಕಲ್ಲಿನ ಇಗರ್ಜಿ ಕಟ್ಟೋದ್ರಲ್ಲೇ ಖರ್ಚಾಗಿಹೋಯ್ತಾ?"

ಗುಂಪು ತಲೆ ತಗ್ಗಿಸಿತು. ಸಾಫ್ತಾ ಬಗ್ಗಿ ಕಾಲುಚೀಲ ಬಿಚ್ಚಿ ಜೋಡಿನ ಮೇಲೆ ಹಾಕಿಕೊಳ್ಳತೊಡಗಿದಳು.

"ಎಲ್ಲಿಗೇ?" ಎಂದ ಜಹಾರಿಯಾ.

"ತಳ್ಳೋಕೆ. ನಮ್ಮಮ್ಮನನ್ನ ಕೊನೇ ಸಲ ಹೊತ್ಕೊಂಡು ಹೊರಟಿದ್ದು ಆ ಬಾಗಿಲಿಂದ. ಅದರಲ್ಲಿ ನೀನು ಹುಲ್ಲು ತುಂಬ್ತೀಯಾ? ತಗೋ, ನನ್ನ ಕೋಟು ಹಿಡಿ."

ಅವನು ಹಿಡಿದ. ಅವಳ ಹಿಂದೆ ಅವಳ ತಂಗಿ, ತಂಗಿಯ ಗಂಡ, ಗಿರಣಿಯವನು, ಅವನ ಅಣ್ಣತಮ್ಮಂದಿರು, ಕೊನೆಗೆ ಅರ್ಧ ಲುಂಕಾವೇ ಬೇಲಿ ದಾಟಿತು. ದಾಟುವವರೆಲ್ಲ ಕೋಟು ಬಿಚ್ಚಿ ಜಹಾರಿಯಾನ ತೋಳ ಮೇಲೆ ಹೇರುತ್ತ ಹೋದರು. ಸ್ವಲ್ಪ ಹೊತ್ತಿಗೆ ಕೋಟುಗಳ ರಾಶಿಯ ಮೇಲೆ ಎರಡು ಮೀಸೆ ಮಾತ್ರ ಕಾಣುತ್ತಿದ್ದವು.

"ಹೋಯ್!"

ಈ ಸಲ ಇಗರ್ಜಿ ನಿಲ್ಲಲಿಲ್ಲ. ಎಷ್ಟು ಹಗುರವಾಗಿ ತಿರುಗಿತೆಂದರೆ ತಳ್ಳುತ್ತಿದ್ದವರು ಅದರ ಹಿಂದೆ ಓಡಬೇಕಾಯಿತು. ಬೀಚ್ ಮರಗಳಿಗೆ ಬಿಗಿದ ಹಗ್ಗಗಳು ಝಣ್ಣೆಂದವು. ಅಡಿಪಾಯದ ಅಂಚಿಗೆ ಜಾರುಪಟ್ಟಿ ಬಡಿಯಿತು. ಮಫ್ತೇಯಿ ಎರಡೂ ಕೈ ಮೇಲೆತ್ತಿ "ಸಾಕು! ಸಾಕ್ರಪ್ಪೋ!" ಎಂದು ಕಿರುಚಿದ. ಸನ್ನೆಗೋಲು ಹಾಕಿ, ಪಟ್ಟಿ ಎಳೆದು, ತಳದ ದಿಮ್ಮಿಗಳನ್ನು ಕಲ್ಲಿನ ಮೇಲೆ ಇಳಿಸಿದರು. ಎಲ್ಲರೂ ಉಸಿರು ಬಿಗಿಹಿಡಿದು ತೆರೆದ ಬಾಗಿಲಿನಿಂದ ಒಳಗೆ ಬಗ್ಗಿ ನೋಡಿದರು. ಆ ತುದಿಯಲ್ಲಿ, ಗರ್ಭಗುಡಿಯ ಪುಟ್ಟ ಕಿಟಕಿಯಿಂದ, ಬಿಸಿಲು ಬಂದು ಬಲಿಪೀಠದ ಮೇಲೆ ಕೂತಿತ್ತು.

ಗುಡ್ಡ ಅಲುಗುವಂತೆ ಜನ ಕೂಗಿದರು. ಯಾರು ಲುಂಕಾ, ಯಾರು ಪ್ಲಾಯು ಎಂದು ನೋಡದೆ ತಬ್ಬಿದರು. ದೋಕಿಯಾ ಸಾಫ್ತಾಳನ್ನು ತಬ್ಬಿ ನೆಲದಿಂದ ಎತ್ತಿದಳು, ಇಬ್ಬರೂ ಜಾರಿ ಬಿದ್ದರು, ಬಿದ್ದಲ್ಲೇ ನಕ್ಕರು.

"ತಡ ಮಾಡೋದು ಬೇಡ," ಎಂದರು ಒನಿಸಿಮ್. "ನೀರು ಕಾಯಿಸಿ. ಮಗು ತನ್ನಿ."

ಮೂರ್ತಿಪಟಗಳನ್ನು ಒಳಗೆ ತಂದಿಟ್ಟು, ಬೇಕಾದ ಮಂತ್ರ ಹೇಳಿ, ಬೆಚ್ಚಗಿನ ನೀರಿನ ತಾಮ್ರದ ಕೊಪ್ಪರಿಗೆಯನ್ನು ಒಳಮನೆಯ ನಡುವೆ ಇಟ್ಟು ಅವರು ಕಾದರು. ಲುಂಕಾದವರು ಹೊರಗೇ ನಿಂತು ದಾರಿ ಬಿಟ್ಟರು, ಪ್ಲಾಯುವಿನ ಜನ ತಗ್ಗು ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದರು. ಬಂದವರು ಬಾಗಿಲ ಪಕ್ಕದ ಹೊರಕೋಣೆಯಲ್ಲೇ ನಿಂತರು. ಹಿಂದಿನವರು ಅವರಿಗೆ ಒತ್ತಿಕೊಂಡು ನಿಂತರು. ಉಸಿರಾಡಲು ಜಾಗವಿಲ್ಲದಂತೆ ಕೋಣೆ ತುಂಬಿತು, ಆದರೆ ಯಾರೂ ಮುಂದಿನ ಹೊಸ್ತಿಲು ದಾಟಲಿಲ್ಲ. ಲುಂಕಾದಲ್ಲಿದ್ದಾಗ ಒಳಮನೆ ಲುಂಕಾದವರದು. ಗುಡ್ಡದವರು ಹುಟ್ಟಿದಾಗಿನಿಂದ ನಿಂತದ್ದು ಈ ಹೊರಕೋಣೆಯಲ್ಲಿ. ಕಾಲುಗಳು ತಾವಾಗಿಯೇ ಅಲ್ಲಿ ನಿಂತಿದ್ದವು. ಇಗರ್ಜಿಯನ್ನು ಗುಡ್ಡ ಹತ್ತಿಸಿ ತಂದ ಮಫ್ತೇಯಿಯೂ ಟೋಪಿ ತೆಗೆದು ಬಾಗಿಲ ಹಿಂದೆ ಅವಿತುಕೊಂಡಂತೆ ನಿಂತಿದ್ದ. ಒಳಗೆ ಬಿಸಿಲು ಖಾಲಿ ನೆಲದ ಮೇಲೆ ಬಿದ್ದಿತ್ತು.

ಮಗುವನ್ನೆತ್ತಿಕೊಂಡು ವರ್ವಾರಾಳ ಜೊತೆ ಬಂದ ದೋಕಿಯಾಳಿಗೆ ದಾರಿಯೇ ಸಿಗಲಿಲ್ಲ. ಮೊಣಕೈಯಿಂದ ತಿವಿಯುತ್ತ ಹೊಸ್ತಿಲವರೆಗೆ ಬಂದವಳು ತಾನೂ ಅಲ್ಲೇ ನಿಂತಳು. ಒಂದು ಗಳಿಗೆ. ಆಮೇಲೆ ತಿರುಗಿ ತನ್ನ ಊರಿನವರ ಮುಖಗಳನ್ನು ಒಂದೊಂದಾಗಿ ನೋಡಿದಳು.

"ಮುಂದೆ ಬನ್ರೋ," ಎಂದಳು. ಅವಳ ಬಾಯಿಂದ ಅಷ್ಟು ಮೆಲ್ಲಗೆ ಮಾತು ಬಂದದ್ದನ್ನು ಯಾರೂ ಕೇಳಿರಲಿಲ್ಲ. "ಯಾರಿಗೆ ಅಂತ ಜಾಗ ಬಿಟ್ಟಿದ್ದೀರಿ? ಇದು ನಮ್ದು."

ಅವಳು ಬಲಗಾಲಿಟ್ಟು ಹೊಸ್ತಿಲು ದಾಟಿದಳು. ಹಿಂದೆ ವರ್ವಾರಾ ದಾಟಿದಳು, ಅವಳ ಹಿಂದೆ ಟೋಪಿ ಹಿಸುಕುತ್ತ ಮಫ್ತೇಯಿ, ಆಮೇಲೆ ಮುದುಕಿಯರು, ಆಮೇಲೆ ಎಲ್ಲರೂ. ಖಾಲಿ ನೆಲ ಗೋಡೆಯಿಂದ ಗೋಡೆಗೆ ತುಂಬಿತು. ಒನಿಸಿಮ್ ಮಗುವನ್ನು ತೆಗೆದುಕೊಂಡು, "ಅಂಘೆಲೀನಾ" ಎಂದು ಹೆಸರು ಹೇಳಿ ಮೂರು ಸಲ ಮುಳುಗಿಸಿ ಎತ್ತಿದರು. ಹಾಲು ಕುಡಿಯಲೂ ತ್ರಾಣವಿಲ್ಲದಿದ್ದ ಆ ಬೆಕ್ಕಿನ ಮರಿ ಮೂರನೆಯ ಸಲ ಮೇಲೆದ್ದದ್ದೇ ಬಾಯಿ ತೆರೆದು ಕಿರುಚಿತು. ಆ ಕಿರುಚು ಓಕ್ ಗೋಡೆಗಳಿಗೆ ಬಡಿದು, ಮಾಡಿಗೆ ಏರಿ, ಬಾಗಿಲು ದಾಟಿ, ಹೊರಗೆ ಕೋಟು ಹೊತ್ತು ನಿಂತಿದ್ದ ಜಹಾರಿಯಾನವರೆಗೂ ಹೋಯಿತು. ಒಳಗಿದ್ದ ಒಬ್ಬರೂ ಅವಳನ್ನು ಸುಮ್ಮನಿರಿಸಲಿಲ್ಲ.